ಓದಿದ್ದು ಒಂದೇ ಆಗುವ ತನಕ

ಕಳೆದ ತಿಂಗಳು ಒಂದು ರಾತ್ರಿ ಅಕ್ಕನ ಮಗ ಮೈಸೂರಿನಿಂದ ಫೋನ್ ಮಾಡಿದ. ಎಂಜಿನಿಯರಿಂಗ್ ಓದುತ್ತಿರುವ ಹುಡುಗ. ಯಾರದೋ ಹಳೆಯ ಥಿಂಕ್‌ಪ್ಯಾಡ್ ಎಕ್ಸ್230 ಅಗ್ಗಕ್ಕೆ ಸಿಕ್ಕಿತೆಂದು ಕೊಂಡಿದ್ದ. ಅದರೊಳಗಿನ ಕಂಪನಿಯ ಬಯೋಸ್, ಅಂದರೆ ಯಂತ್ರವನ್ನು ಎಬ್ಬಿಸುವ ಪ್ರೋಗ್ರಾಮು, ತೆಗೆದು, ಯಾರು ಬೇಕಾದರೂ ಬಿಡಿಸಿ ಓದಬಹುದಾದ ಕೋರ್‌ಬೂಟ್ ಹಾಕಬೇಕೆಂಬುದು ಅವನ ಆಸೆ. ಕೀಬೋರ್ಡ್ ಬಿಚ್ಚಿ, ಅಂಗೈ ಊರುವ ಪ್ಲಾಸ್ಟಿಕ್ ತೆಗೆದು, ಕಪ್ಪು ಹಾಳೆ ಸರಿಸಿ, ಪಕ್ಕಪಕ್ಕ ಕೂತ ಎರಡು ಪುಟ್ಟ ಚಿಪ್ಪುಗಳ ತನಕ ಬಂದಿದ್ದ. ಒಂದು 8 ಎಂಬಿಯದು, ಇನ್ನೊಂದು 4 ಎಂಬಿಯದು. ಅಲ್ಲಿಂದ ಮುಂದಕ್ಕೆ ಕೆಲಸ ಸಾಗಿರಲಿಲ್ಲ.

"ಚಿಕ್ಕಮ್ಮಾ, ಓದಿದಷ್ಟು ಸಲ ಬೇರೆ ಬೇರೆ ಫೈಲ್ ಬರ್ತಿದೆ. ಒಂದ್ಸಲ ಚಿಪ್ಪೇ ಇಲ್ಲ ಅನ್ನುತ್ತೆ, ಇನ್ನೊಂದ್ಸಲ ಇದೆ ಅನ್ನುತ್ತೆ. ಚಿಪ್ ಹೋಗಿರಬೇಕು, ಅಲ್ವಾ?"

"ಬರೆಯೋಕೆ ಮಾತ್ರ ಹೋಗ್ಬೇಡ" ಅಂದೆ. "ಕ್ಲಿಪ್ ತೆಗಿ. ಕಾಲು ಒರೆಸು. ಮತ್ತೆ ಹಾಕು. ಓದಿದ್ದು ಒಂದೇ ಆಗೋ ತನಕ ಬರೀ ಓದ್ತಾ ಇರು."

ಹೇಳಿ ಮುಗಿಸಿದ ಮೇಲೆ ತಿಳಿಯಿತು, ಆ ಮಾತಿನ ವರಸೆ ನನ್ನದಲ್ಲ. ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಅಂಗಡಿಯ ಮೊದಲ ಮಹಡಿಯಲ್ಲಿ, ಕಿಟಕಿಗೆ ಬೆನ್ನು ಹಾಕಿ ಕೂರುತ್ತಿದ್ದ ಒಬ್ಬರದು. ಹತ್ತು ವರ್ಷಕ್ಕೂ ಮೇಲಾಗಿತ್ತು ಅವರ ದನಿ ಕಿವಿಗೆ ಬಿದ್ದು. ಫೋನಿಟ್ಟ ಮೇಲೂ ಆ ಬೆಂಚು, ಆ ದೀಪ, ಆ ಫ್ಲಕ್ಸಿನ ವಾಸನೆ ಕದಲಲಿಲ್ಲ.

ನಾನು ತಿಪಟೂರಿನ ಕಡೆಯವಳು. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ 2012ರಲ್ಲಿ ಬೆಂಗಳೂರಿಗೆ ಬಂದೆ. ಕಾಲೇಜಿನ ಲ್ಯಾಬಿನಲ್ಲಿ 8085 ಕಿಟ್ ಇತ್ತು, ನೆತ್ತಿಯ ಮೇಲೆ ಪುಟ್ಟ ಗಾಜಿನ ಕಿಂಡಿಯಿರುವ ಈಪ್ರಾಮ್ ಚಿಪ್ಪುಗಳಿದ್ದವು. ಅವುಗಳಲ್ಲಿ ಬರೆದದ್ದನ್ನು ಅಳಿಸಬೇಕೆಂದರೆ ಪೆಟ್ಟಿಗೆಯೊಳಗಿಟ್ಟು ನೇರಳಾತೀತ ಬೆಳಕಿಗೆ ಒಡ್ಡಬೇಕಿತ್ತು. ಯಂತ್ರವೊಂದು ಎದ್ದು ನಿಲ್ಲುವಾಗ ಮೊದಲು ಓದುವ ಅಕ್ಷರ ಒಂದು ಚಿಪ್ಪಿನಲ್ಲಿರುತ್ತದೆ ಎಂಬುದು ಅಷ್ಟರ ಮಟ್ಟಿಗೆ ಗೊತ್ತಿತ್ತು. ಅದನ್ನು ಕೈಯಾರೆ ಮುಟ್ಟಿದ್ದು ಎಸ್.ಪಿ. ರೋಡಿಗೆ ಬಂದ ಮೇಲೆ.

ಕೆಳಗೆ ಕೌಂಟರ್, ಮೇಲೆ ಸರ್ವೀಸ್. 'ಚಿಪ್ ಲೆವೆಲ್ ಸರ್ವೀಸ್' ಎಂದು ಬೋರ್ಡು. ನನ್ನನ್ನು ಕೌಂಟರಿನಲ್ಲಿ ಕೂರಿಸಿದರು. ಬಂದ ಲ್ಯಾಪ್‌ಟಾಪಿಗೆ ಚೀಟಿ ಬರೆದು ಅಂಟಿಸುವುದು, ಫೋನ್ ಎತ್ತುವುದು, 'ಇನ್ನೂ ನೋಡ್ತಾ ಇದ್ದಾರೆ' ಎನ್ನುವುದು. ಹೆಂಗಸರಿಗೆ ಕೌಂಟರು, ಗಂಡಸರಿಗೆ ಬೆಂಚು ಎಂಬ ಏರ್ಪಾಡನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಎಲ್ಲರೂ ಪಾಲಿಸುತ್ತಿದ್ದರು. ಚೀಟಿಯ ಮೇಲೆ ಹೆಚ್ಚಾಗಿ ಬರೆಯುತ್ತಿದ್ದದ್ದು 'ನೋ ಡಿಸ್‌ಪ್ಲೇ'. ಪವರ್ ದೀಪ ಹೊತ್ತುತ್ತದೆ, ಫ್ಯಾನು ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಅಂಥ ಬೋರ್ಡುಗಳಲ್ಲಿ ಒಂದಷ್ಟಕ್ಕೆ ಕಾರಣ ಬಯೋಸ್. ಅಪ್‌ಡೇಟ್ ಮಾಡುವಾಗ ಕರೆಂಟ್ ಹೋಗಿರುತ್ತಿತ್ತು, ಇಲ್ಲವೇ ಒಳಗಿನ ಬರಹ ಹೇಗೋ ಕೆಟ್ಟಿರುತ್ತಿತ್ತು. ಅವು ಉಸ್ತಾದರ ಮೇಜಿಗೆ ಹೋಗುತ್ತಿದ್ದವು.

ಕಿಟಕಿಗೆ ಬೆನ್ನು ಹಾಕಿ ಕೂರುತ್ತಿದ್ದ ಅವರನ್ನು ಉಸ್ತಾದ್ ಎಂದೇ ಎಲ್ಲರೂ ಕರೆಯುತ್ತಿದ್ದುದು. ರೇಡಿಯೋ, ಟಿ.ವಿ. ರಿಪೇರಿಯಿಂದ ಶುರುಮಾಡಿ ಕಂಪ್ಯೂಟರಿಗೆ ಬಂದವರು. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ಬೋರ್ಡಿನ ಮುಂದೆ ಮೌನ. ಬಯೋಸ್ ಕೆಲಸ ಹಿಡಿದರೆಂದರೆ ಮೊದಲು ಟೇಬಲ್ ಫ್ಯಾನ್ ಆರಿಸುತ್ತಿದ್ದರು. ಏಪ್ರಿಲ್ ತಿಂಗಳ ಸೆಕೆಯಲ್ಲೂ ಅಷ್ಟೆ. ಚಿಪ್ಪನ್ನು ಕಚ್ಚುವ ಕ್ಲಿಪ್ಪಿನಿಂದ ಹೊರಟ ತಂತಿ ಗಾಳಿಗೆ ಅಲುಗಿದರೆ ಓದು ಕೆಡುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಆ ತಂತಿಯನ್ನು ಬೋರ್ಡಿನ ಸ್ಕ್ರೂ ತೂತಿಗೆ ದಾರ ಕಟ್ಟಿ ನಿಲ್ಲಿಸುತ್ತಿದ್ದರು. ತಂತಿಯ ಆ ತುದಿಯ ಪ್ರೋಗ್ರಾಮರನ್ನು, ಅಂದರೆ ಚಿಪ್ಪು ಓದಿ ಬರೆಯುವ ಸಾಧನವನ್ನು, ಯಾರಾದರೂ ಕೈತಪ್ಪಿ ಎಳೆದರೂ ಎಳೆತ ದಾರದ ಮೇಲೆ ಬೀಳಬೇಕು, ಚಿಪ್ಪಿನ ಮೇಲೆ ಬೀಳಬಾರದು.

ಮೇಲಕ್ಕೆ ಟೀ ಒಯ್ಯುವ ನೆವ, ಚೀಟಿ ತೋರಿಸುವ ನೆವ ಹೂಡಿ ನಾನು ಅವರ ಹಿಂದೆ ನಿಲ್ಲುತ್ತಿದ್ದೆ. ಅವರು ಕಲಿಸುತ್ತಿರಲಿಲ್ಲ. ನಿಂತರೆ ಅಟ್ಟುತ್ತಲೂ ಇರಲಿಲ್ಲ. ನಾನು ಕಲಿತದ್ದು ಈ ಎರಡರ ನಡುವಿನ ಜಾಗದಲ್ಲಿ.

ಆ ಚಿಪ್ಪಿಗೆ ಎಂಟು ಕಾಲು, ಒಂದು ಬದಿಗೆ ನಾಲ್ಕು. ಕಾಲಿನಿಂದ ಕಾಲಿಗೆ 1.27 ಮಿಲಿಮೀಟರ್. ಮೂಲೆಯಲ್ಲೊಂದು ಚುಕ್ಕಿ ಅಥವಾ ಸಣ್ಣ ಗುಳಿ, ಅದರ ಪಕ್ಕದ್ದು ಒಂದನೇ ಕಾಲು. ಒಂದನೆಯದು ಚಿಪ್ಪನ್ನು ಮಾತಿಗೆ ಕರೆಯುವ ಗೆರೆ, ಎರಡನೆಯದು ಚಿಪ್ಪು ಉತ್ತರ ಕೊಡುವ ಗೆರೆ, ಮೂರನೆಯದು ಬರಹಕ್ಕೆ ತಡೆ. ನಾಲ್ಕನೆಯದು ಗ್ರೌಂಡ್, ಐದನೆಯದು ನಾವು ಹೇಳುವುದು ಒಳಹೋಗುವ ಗೆರೆ, ಆರನೆಯದು ಕ್ಲಾಕ್. ಏಳನೆಯದು 'ಹೋಲ್ಡ್', ಎಂಟನೆಯದು ವಿದ್ಯುತ್ತು. ಕ್ಲಿಪ್ಪು ಈ ಎಂಟನ್ನೂ ಒಟ್ಟಿಗೆ ಕಚ್ಚಬೇಕು. ಬಟ್ಟೆಗೆ ಹಾಕುವ ಕ್ಲಿಪ್ಪಿನಂತೆ ಒತ್ತಿ ಬಿಡುವ ಪ್ಲಾಸ್ಟಿಕ್ ದವಡೆ, ಒಳಗೆ ಎಂಟು ತೆಳ್ಳನೆಯ ಲೋಹದ ನಾಲಿಗೆ. ಅಗ್ಗದ ಕ್ಲಿಪ್ಪಿನಲ್ಲಿ ನಾಲಿಗೆಗಳು ನಾಲ್ಕು ದಿನಕ್ಕೆ ಒಳಕ್ಕೆ ಜಾರುತ್ತಿದ್ದವು. ಹೊರಗಿನಿಂದ ನೋಡಿದರೆ ಕ್ಲಿಪ್ಪು ಗಟ್ಟಿಯಾಗಿ ಕೂತಿರುತ್ತದೆ, ಒಳಗೆ ಒಂದು ನಾಲಿಗೆ ಕಾಲಿಗೆ ತಾಗಿರುವುದೇ ಇಲ್ಲ.

ಉಸ್ತಾದ್ ಮೊದಲು ಚಿಪ್ಪಿನ ಕಾಲುಗಳನ್ನು ಹಳೆಯ ಹಲ್ಲುಜ್ಜುವ ಬ್ರಶ್ಶನ್ನು ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಒಳಗೆ ಅದ್ದಿ ಉಜ್ಜುತ್ತಿದ್ದರು. ಫ್ಯಾಕ್ಟರಿಯಲ್ಲಿ ಉಳಿದ ಫ್ಲಕ್ಸ್ ಕಾಲಿನ ಮೇಲೆ ಕಣ್ಣಿಗೆ ಕಾಣದ ಪದರವಾಗಿ ಕೂತಿರುತ್ತದೆ, ಕೆಲವು ಬೋರ್ಡಿಗೆ ತೇವ ತಡೆಯಲೆಂದು ವಾರ್ನಿಶ್ಶಿನಂಥದ್ದನ್ನೇ ಬಳಿದಿರುತ್ತಾರೆ. ಒಣಗಿದ ಮೇಲೆ ಕ್ಲಿಪ್ಪು ಹಾಕಿ, ಮಲ್ಟಿಮೀಟರನ್ನು ಬೀಪ್ ಕೊಡುವ ಜಾಗಕ್ಕೆ ತಿರುಗಿಸುತ್ತಿದ್ದರು. ಒಂದು ಮೊನೆ ತಂತಿಯ ಆ ತುದಿಗೆ, ಇನ್ನೊಂದು ಮೊನೆ ಚಿಪ್ಪಿನ ಕಾಲಿನ ಬುಡಕ್ಕೆ. ಎಂಟು ಕಾಲಿಗೂ ಬೀಪ್ ಬರಬೇಕು. ಬಂದ ಮೇಲೆ ಕ್ಲಿಪ್ಪನ್ನು ಬೆರಳಿನಿಂದ ಮೆಲ್ಲಗೆ ಅಲುಗಿಸಿ ಮತ್ತೆ ಕೇಳುತ್ತಿದ್ದರು. ಅಲುಗಿಸಿದಾಗ ದನಿ ತಡವರಿಸಿತೋ, ಕ್ಲಿಪ್ಪು ತೆಗೆದು ಮತ್ತೆ ಮೊದಲಿನಿಂದ. ಕೈಗೆ ಅವಸರ ಎಂಬುದೇ ಇರಲಿಲ್ಲ.

ಆಮೇಲೆ ಓದು. ಪ್ರೋಗ್ರಾಮರ್ ಮೊದಲು ಚಿಪ್ಪಿನ ಗುರುತು ಕೇಳುತ್ತದೆ. ವಿನ್‌ಬಾಂಡ್ ಕಂಪನಿಯ ಡಬ್ಲ್ಯು25ಕ್ಯೂ64 ಆದರೆ 'ಇಎಫ್ 40 17' ಎಂದು ಮೂರು ಬೈಟಿನ ಉತ್ತರ ಬರಬೇಕು. ಮೊದಲನೆಯದು ತಯಾರಕರ ಗುರುತು, ಕೊನೆಯದು ಅಳತೆಯ ಗುರುತು. ಹದಿನಾರರ ಲೆಕ್ಕದ 17 ನಮ್ಮ ಲೆಕ್ಕದಲ್ಲಿ 23. ಇಪ್ಪತ್ಮೂರು ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ 83,88,608 ಬೈಟ್, ಅಂದರೆ 8 ಎಂಬಿ. ಉತ್ತರದ ಗೆರೆ ಪೂರ್ತಿ ಬಿಟ್ಟುಹೋಗಿದ್ದರೆ 'ಎಫ್ಎಫ್ ಎಫ್ಎಫ್ ಎಫ್ಎಫ್' ಎಂದೋ '00 00 00' ಎಂದೋ ಬರುತ್ತದೆ. ಅದು ಸುಲಭದ ರೋಗ, ಸಂಪರ್ಕವಿಲ್ಲ ಎಂದು ಯಾರಿಗಾದರೂ ತಿಳಿಯುತ್ತದೆ. ಕಷ್ಟ ಇರುವುದು ಅರ್ಧ ಸಂಪರ್ಕದಲ್ಲಿ.

ಒಂದು ಮಧ್ಯಾಹ್ನದ ಘಟನೆ ಚೆನ್ನಾಗಿ ನೆನಪಿದೆ. ಬೆಂಚಿನ ಇನ್ನೊಬ್ಬ ಹುಡುಗ ಒಂದು ಬೋರ್ಡು ಹಿಡಿದು, "ಉಸ್ತಾದ್, ಇದು 4 ಎಂಬಿ ಚಿಪ್" ಅಂದ. ಪರದೆಯ ಮೇಲೆ 'ಇಎಫ್ 40 16' ಎಂದಿತ್ತು, ಆ ಗುರುತಿನ 4 ಎಂಬಿ ಚಿಪ್ಪು ನಿಜಕ್ಕೂ ಇದೆ. ಸಾಫ್ಟ್‌ವೇರ್ ಕೂಡ ಅನುಮಾನವಿಲ್ಲದೆ ಅದರ ಹೆಸರು ಹೇಳಿತ್ತು. ಉಸ್ತಾದ್ ಕನ್ನಡಕ ಏರಿಸಿ ಚಿಪ್ಪಿನ ಬೆನ್ನಿನ ಮೇಲಿನ ಅಕ್ಷರ ನೋಡಿದರು. 64 ಎಂದು ಅಚ್ಚಾಗಿತ್ತು. 16ಕ್ಕೂ 17ಕ್ಕೂ ನಡುವೆ ವ್ಯತ್ಯಾಸ ಕೊನೆಯ ಒಂದೇ ಒಂದು ಬಿಟ್. ಆ ಒಂದು ಬಿಟ್ ದಾರಿಯಲ್ಲಿ ಬಿದ್ದುಹೋಗಿತ್ತು. ಹುಡುಗ ಹಾಗೇ ಬರೆದಿದ್ದರೆ 8 ಎಂಬಿ ಬರಹ ಇರಬೇಕಾದ ಕಡೆ 4 ಎಂಬಿಯ ಲೆಕ್ಕ ನಡೆಯುತ್ತಿತ್ತು.

ನಾನು ಹಿಂದೆ ನಿಂತಿದ್ದೆ. ಅವರು ತಿರುಗದೆಯೇ ಹೇಳಿದರು: "ನೋಡಮ್ಮಾ, ಕನೆಕ್ಷನ್ ಇಲ್ದೇ ಇದ್ರೆ ಮಿಷಿನ್ ಸುಮ್ನೆ ಇರುತ್ತೆ. ಅರ್ಧ ಇದ್ರೆ ನಿದ್ದೆಗಣ್ಣಲ್ಲಿ ಹೂಂಗುಟ್ಟೋ ಮಗು ಥರ, ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತೆ. ನಂಬಬಾರ್ದು."

ಅವರು ನನಗೆಂದೇ ಆಡಿದ ಮೊದಲ ಪಾಠ ಅದು. ಒಂದು 8 ಎಂಬಿ ಚಿಪ್ಪಿನಲ್ಲಿ 6 ಕೋಟಿ 71 ಲಕ್ಷ ಬಿಟ್‌ಗಳಿವೆ. ಅಷ್ಟೂ ಒಂದೇ ಗೆರೆಯಲ್ಲಿ, ಒಂದರ ಹಿಂದೊಂದು, ಲೋಹಕ್ಕೆ ಲೋಹ ತಾಗಿದ ಒಂದು ಮೊನೆಯ ಮೂಲಕ ಹಾದುಬರಬೇಕು. ಒಂದು ತಪ್ಪಿದರೂ ಫೈಲಿನ ಗಾತ್ರ ಸರಿಯಾಗೇ ಇರುತ್ತದೆ, ಹೆಸರೂ ಸರಿಯಾಗೇ ಇರುತ್ತದೆ. ಗಾತ್ರ ನೋಡಿ ಸಮಾಧಾನಪಟ್ಟುಕೊಂಡವರಿಗೆ ಗೊತ್ತಾಗುವುದೇ ಇಲ್ಲ. ಅದಕ್ಕೇ ಅವರು ಒಂದು ಸಲ ಓದಿ ನಿಲ್ಲಿಸುತ್ತಿರಲಿಲ್ಲ. ಓದಿ ಉಳಿಸು, ಮತ್ತೆ ಓದಿ ಉಳಿಸು, ಕ್ಲಿಪ್ಪು ತೆಗೆದು ಹಾಕಿ ಇನ್ನೊಮ್ಮೆ ಓದು, ಎಲ್ಲವನ್ನೂ ಹೋಲಿಸು. ಕ್ಲಿಪ್ಪು ತೆಗೆದು ಹಾಕುವುದು ಮುಖ್ಯ. ತೆಗೆಯದೆ ಓದಿದರೆ ಕೆಟ್ಟ ಸಂಪರ್ಕ ಒಂದೇ ಸುಳ್ಳನ್ನು ಎರಡು ಸಲವೂ ಹೇಳಬಹುದು.

ಒಂದೇ ಬಂದರೂ ಸಾಲದು, ಅರ್ಥವಿರುವುದು ಬಂದಿರಬೇಕು. ಎಲ್ಲ ಎಫ್ಎಫ್ ಬಂದ ಎರಡು ಫೈಲುಗಳೂ ಒಂದೇ ಅಲ್ಲವೇ? ಅವರು ಫೈಲನ್ನು ಹೆಕ್ಸ್ ಎಡಿಟರಿನಲ್ಲಿ ತೆರೆದು ಎರಡನೇ ಸಾಲಿನ ಮೇಲೆ ಬೆರಳಿಡುತ್ತಿದ್ದರು. ಆ ಕಾಲದ ಇಂಟೆಲ್ ಲ್ಯಾಪ್‌ಟಾಪುಗಳಲ್ಲಿ ಅಲ್ಲಿ '5ಎ ಎ5 ಎಫ್0 0ಎಫ್' ಇರಬೇಕು, ಚಿಪ್ಪಿನ ಯಾವ ಭಾಗದಲ್ಲಿ ಏನಿದೆ ಎಂದು ಹೇಳುವ ನಕ್ಷೆಯ ಆರಂಭದ ಗುರುತು ಅದು. ಆಮೇಲೆ ನೇರ ಫೈಲಿನ ಕೊನೆಗೆ. ಪ್ರೊಸೆಸರ್ ಕಣ್ಣು ಬಿಟ್ಟಾಗ ಮೊದಲು ನೋಡುವುದು 4 ಜಿಬಿ ವಿಳಾಸದ ಮಿತಿಗೆ 16 ಬೈಟ್ ಕೆಳಗಿನ ಜಾಗವನ್ನು. ಆ ಜಾಗ ಚಿಪ್ಪಿನ ತುತ್ತತುದಿಗೆ ಹೊಂದಿಕೊಂಡಿರುತ್ತದೆ. ಅಲ್ಲಿ ಬೇರೆಡೆಗೆ ಜಿಗಿಯುವ ಆಜ್ಞೆಯೊಂದು ಇರಲೇಬೇಕು. ಮೊದಲೂ ಕೊನೆಯೂ ಸರಿಯಿದ್ದು, ಓದಿದ್ದೆಲ್ಲ ಒಂದೇ ಆಗಿದ್ದರೆ ಮಾತ್ರ ಮುಂದಿನ ಹೆಜ್ಜೆ.

ಎಷ್ಟು ಉಜ್ಜಿದರೂ ಓದು ಸ್ಥಿರವಾಗದ ಬೋರ್ಡುಗಳೂ ಇರುತ್ತಿದ್ದವು. ಅಲ್ಲಿ ಅವರು ವಿದ್ಯುತ್ತಿನ ಕಡೆ ತಿರುಗುತ್ತಿದ್ದರು. ಬ್ಯಾಟರಿ ತೆಗೆದಿದೆಯೇ, ಚಾರ್ಜರ್ ಕಿತ್ತಿದೆಯೇ, ಗಡಿಯಾರ ಕಾಯುವ ನಾಣ್ಯದಂಥ ಸಿಆರ್2032 ಸೆಲ್ ಬಿಚ್ಚಿದೆಯೇ ಎಂದು ನೋಡಿ, ಪವರ್ ಬಟನ್ ಒತ್ತಿಹಿಡಿದು ಬೋರ್ಡಿನಲ್ಲಿ ಉಳಿದ ಚಾರ್ಜ್ ಇಳಿಸುತ್ತಿದ್ದರು. ಆಮೇಲೆ ಕ್ಲಿಪ್ಪು ಹಾಕಿರುವಂತೆಯೇ ಎಂಟನೇ ಕಾಲಿನ ವೋಲ್ಟೇಜ್ ಅಳೆಯುತ್ತಿದ್ದರು. 3.3 ಇರಬೇಕಾದ ಕಡೆ ಎರಡೂವರೆಯ ಸುತ್ತ ಇದ್ದರೆ ಕಾರಣ ಸ್ಪಷ್ಟ: ಪ್ರೋಗ್ರಾಮರ್ ಕೊಡುವ ವಿದ್ಯುತ್ತು ಆ ಚಿಪ್ಪಿಗಷ್ಟೇ ಹೋಗುತ್ತಿಲ್ಲ, ಅದೇ ದಾರಿಯಲ್ಲಿರುವ ಚಿಪ್‌ಸೆಟ್ಟು ಮತ್ತಿತರ ಭಾಗಗಳೂ ಕುಡಿಯುತ್ತಿವೆ. ಆ ವಿನ್‌ಬಾಂಡ್ ಚಿಪ್ಪು 2.7 ವೋಲ್ಟಿನ ಕೆಳಗೆ ಕೆಲಸದ ಭರವಸೆ ಕೊಡುವುದಿಲ್ಲ. ಇಂಥ ಕಡೆ ಕ್ಲಿಪ್ಪನ್ನು ಬೈದು ಫಲವಿಲ್ಲ. ಬಿಸಿಗಾಳಿಯಲ್ಲಿ ಚಿಪ್ಪನ್ನು ಬಿಡಿಸಿ, ಸಾಕೆಟಿನಲ್ಲಿಟ್ಟು ಓದಿ, ಮತ್ತೆ ಬೆಸುಗೆ ಹಾಕಬೇಕು.

ತಂತಿಯ ಉದ್ದವೂ ಲೆಕ್ಕಕ್ಕೆ ಬರುತ್ತದೆ. ಕ್ಲಾಕಿನ ಗೆರೆ ಮತ್ತು ಉತ್ತರದ ಗೆರೆ ಅಕ್ಕಪಕ್ಕ ಮಲಗಿ ಒಂದಡಿ ದೂರ ಸಾಗಿದರೆ ಒಂದರ ಮಿಡಿತ ಇನ್ನೊಂದಕ್ಕೆ ಹತ್ತುತ್ತದೆ. ಅವರದು ಗೇಣಿಗಿಂತ ಗಿಡ್ಡ ತಂತಿ. ಪ್ರೋಗ್ರಾಮರನ್ನು ಯುಎಸ್‌ಬಿ ಹಬ್ಬಿಗೆ ಹಾಕುತ್ತಿರಲಿಲ್ಲ, ಡೆಸ್ಕ್‌ಟಾಪಿನ ಹಿಂಬದಿಯ ಪೋರ್ಟಿಗೇ ನೇರ. ಏಳನೇ ಕಾಲು ಅವರಿಗೆ ವಿಶೇಷ ಅನುಮಾನದ ವಸ್ತು. 'ಹೋಲ್ಡ್' ಗೆರೆ ಮೇಲ್ಮಟ್ಟದಲ್ಲಿ ಇರಬೇಕು. ಸಡಿಲವಾಗಿ ತೇಲುತ್ತಿದ್ದರೆ ಚಿಪ್ಪು ನಡುವೆಯೇ ತಡೆದು ನಿಲ್ಲುತ್ತದೆ, ಅರ್ಧ ಫೈಲು ಸರಿ, ಮಿಕ್ಕರ್ಧ ಕಸ.

ಇಷ್ಟೆಲ್ಲ ಜತನ ಅವರಿಗೆ ಬಂದದ್ದು ಚಿಪ್ಪುಗಳು ಸಾಕೆಟಿನಲ್ಲಿ ಕೂರುತ್ತಿದ್ದ ಕಾಲದಿಂದ. 1999ರ ಏಪ್ರಿಲ್ 26ರಂದು ಸಿಐಎಚ್ ಎಂಬ ವೈರಸ್ ಸಿಡಿದಾಗ ಹಾರ್ಡ್ ಡಿಸ್ಕಿನ ಜೊತೆಗೆ ಬಯೋಸನ್ನೂ ಕೆಡಿಸಿತ್ತು. ತೈವಾನಿನ ವಿದ್ಯಾರ್ಥಿಯೊಬ್ಬ ಬರೆದದ್ದು. ಚೆರ್ನೋಬಿಲ್ ದುರಂತ ನಡೆದ ತಾರೀಖಿನಂದೇ ಸಿಡಿದದ್ದರಿಂದ ಅದೇ ಹೆಸರಿನಲ್ಲಿ ಲೋಕವೆಲ್ಲ ಕರೆಯಿತು. ಆಗ ಪ್ರೋಗ್ರಾಮರ್ ಇಲ್ಲದವರು ಒಂದು ಉಪಾಯ ಮಾಡುತ್ತಿದ್ದರು. ಅದೇ ಮಾದರಿಯ ಇನ್ನೊಂದು ಬೋರ್ಡನ್ನು ಡಾಸ್ ತನಕ ಎಬ್ಬಿಸಿ, ಕರೆಂಟ್ ಇರುವಾಗಲೇ ಅದರ ಒಳ್ಳೆಯ ಚಿಪ್ಪನ್ನು ಸಾಕೆಟಿನಿಂದ ಮೆಲ್ಲಗೆ ಎತ್ತಿ, ಕೆಟ್ಟ ಚಿಪ್ಪನ್ನು ಅಲ್ಲಿ ಕೂರಿಸಿ ಬರೆಯುವುದು. ಬಯೋಸ್ ಅಷ್ಟು ಹೊತ್ತಿಗೆ ರ‍್ಯಾಮಿಗೆ ನಕಲಾಗಿರುವುದರಿಂದ ಬೋರ್ಡು ಸತ್ತುಬೀಳುವುದಿಲ್ಲ. ಉಸ್ತಾದ್ ಅದನ್ನು ಎಷ್ಟೋ ಬೋರ್ಡಿಗೆ ಮಾಡಿದ್ದರಂತೆ. ಎತ್ತುವಾಗ ಕೈ ನಡುಗಿದರೆ ಎರಡು ಬೋರ್ಡೂ ಹೋದವು. ಆ ನಡುಗದ ಕೈ ನನ್ನ ಕಾಲಕ್ಕೂ ಹಾಗೇ ಉಳಿದಿತ್ತು, ಕಣ್ಣು ಮಾತ್ರ ಮಂದವಾಗುತ್ತಿತ್ತು.

ನನ್ನನ್ನು ಬೆಂಚಿಗೆ ಕರೆದದ್ದು ಆ ಕಣ್ಣು. ಚಿಪ್ಪಿನ ಬೆನ್ನಿನ ಅಕ್ಷರ ಓದಿ ಹೇಳು ಎಂದು ಒಂದು ದಿನ ಕರೆದರು, ಆಮೇಲೆ ದಿನಾ ಕರೆದರು. ಡಬ್ಲ್ಯು25ಕ್ಯೂ64ಎಫ್‌ವಿ ಎಂದರೆ 3.3 ವೋಲ್ಟು, ಕೊನೆಗೆ ಎಫ್‌ಡಬ್ಲ್ಯು ಬಂದರೆ 1.8 ವೋಲ್ಟು. ಆ ಒಂದು ಅಕ್ಷರ ತಪ್ಪಿ ಓದಿದರೆ ಚಿಪ್ಪಿಗೆ ತಡೆಯಲಾರದಷ್ಟು ವಿದ್ಯುತ್ತು ಹೋಗುತ್ತದೆ. ಓದಿ ಹೇಳುವವಳು ಹೀಗೆ ಕ್ಲಿಪ್ಪು ಹಾಕುವವಳಾದೆ. ಅಂಗಡಿಯವರು ತಕರಾರು ಎತ್ತಿದಾಗ ಅವರು, "ಅವಳಿಗೆ ತಾಳ್ಮೆ ಇದೆ, ಇರ್ಲಿ" ಎಂದಷ್ಟೇ ಹೇಳಿದರು. ಸಂಬಳ ಕೌಂಟರಿನದೇ ಉಳಿಯಿತು. ಆಗ ಆ ಒಂದು ಮಾತಿಗೇ ನಾನು ಕೃತಜ್ಞಳಾಗಿದ್ದೆ. ಈಗ ಅನಿಸುತ್ತದೆ, ಕೆಲಸ ಬದಲಾದಾಗ ಕೂಲಿಯೂ ಬದಲಾಗಬೇಕೆಂದು ಅವರೊಬ್ಬರು ಹೇಳಿದ್ದರೆ ನಡೆಯುತ್ತಿತ್ತು. ಅವರು ಹೇಳಲಿಲ್ಲ.

ಅವರ ಬಗ್ಗೆ ಪ್ರೀತಿ ಇದ್ದೂ ನಾನು ಮರುಯೋಚನೆ ಮಾಡುವ ಸಂಗತಿ ಇನ್ನೂ ದೊಡ್ಡದೊಂದಿದೆ. ಅಂಗಡಿಯಲ್ಲಿ ಒಂದು ಪೆನ್‌ಡ್ರೈವ್ ಇತ್ತು. ಬೇರೆ ಬೇರೆ ಮಾದರಿಯ ಲ್ಯಾಪ್‌ಟಾಪುಗಳಿಂದ ಓದಿಟ್ಟ ಬಿನ್ ಫೈಲುಗಳ ಭಂಡಾರ ಅದು. ಕೆಟ್ಟ ಬೋರ್ಡು ಬಂದರೆ ಅದೇ ಮಾದರಿಯ ಫೈಲು ಹುಡುಕಿ ಬರೆದುಬಿಡುತ್ತಿದ್ದರು. ಪರದೆ ಬೆಳಗುತ್ತಿತ್ತು, ಗಿರಾಕಿ ಸಂತೋಷದಿಂದ ದುಡ್ಡು ಕೊಟ್ಟು ಹೋಗುತ್ತಿದ್ದರು. ಆದರೆ ಆ ಚಿಪ್ಪಿನಲ್ಲಿ ಕಂಪನಿಯ ಪ್ರೋಗ್ರಾಮಿನ ಜೊತೆಗೆ ಆ ಒಂದು ಯಂತ್ರಕ್ಕೇ ಸೇರಿದ ವಿವರಗಳೂ ಇರುತ್ತವೆ. ಸೀರಿಯಲ್ ನಂಬರ್, ಎಷ್ಟೋ ಮಾದರಿಗಳಲ್ಲಿ ನೆಟ್‌ವರ್ಕಿನ ಮ್ಯಾಕ್ ವಿಳಾಸ, ವಿಂಡೋಸ್ 8ರಿಂದೀಚೆಗೆ ವಿಂಡೋಸಿನ ಕೀಲಿ ಕೂಡ. ಇನ್ನೊಬ್ಬರ ಫೈಲು ಬರೆದರೆ ಇನ್ನೊಬ್ಬರ ಗುರುತೇ ನಮ್ಮ ಯಂತ್ರಕ್ಕೆ ಬರುತ್ತದೆ. ಕೆಟ್ಟ ಚಿಪ್ಪಿನಲ್ಲೂ ಈ ಭಾಗ ಬಹುಮಟ್ಟಿಗೆ ಚೆನ್ನಾಗೇ ಉಳಿದಿರುತ್ತದೆ. ಮೊದಲು ಸರಿಯಾಗಿ ಓದಿ ಇಟ್ಟುಕೊಂಡಿದ್ದರೆ ಅದನ್ನು ಹೊಸ ಫೈಲಿಗೆ ಸೇರಿಸಬಹುದಿತ್ತು. ಅಷ್ಟು ಜತನದಿಂದ ಓದಲು ಬಲ್ಲ ಮನುಷ್ಯ, ಅವಸರದ ದಿನಗಳಲ್ಲಿ ಅಂಗಡಿಯ ರಿವಾಜಿಗೆ ತಲೆಬಾಗಿ ಓದದೆಯೇ ಬರೆದದ್ದುಂಟು.

ಇನ್ನೊಂದು ಮಾತು 'ಚಿಪ್ ಹೋಗಿದೆ'. ಕೆಳಗೆ ಕೌಂಟರಿನಲ್ಲಿ ನನ್ನ ಬಾಯಿಂದ ಹೇಳಿಸುತ್ತಿದ್ದ ಮಾತು. ಕ್ಲಿಪ್ಪು ಸರಿಯಾಗಿ ಕೂರದೆ ಓದಲಾಗದಿದ್ದರೂ ಅದೇ ಮಾತು, ಬೋರ್ಡು ವಿದ್ಯುತ್ತು ಎಳೆಯುತ್ತಿದ್ದರೂ ಅದೇ ಮಾತು. ಮೇಲೆ ಹೊಸ ಚಿಪ್ಪು ಹಾಕುತ್ತಿದ್ದರು, ಬಿಲ್ಲಿನಲ್ಲಿ ಅದರ ಬೆಲೆ ಸೇರುತ್ತಿತ್ತು. ಈ ಪುಟ್ಟ ಚಿಪ್ಪುಗಳು ಸಾಯುವುದು ಅಪರೂಪ ಎಂಬುದು ಇಷ್ಟು ವರ್ಷ ಈ ಕೆಲಸ ಮಾಡಿದ ಮೇಲೆ ನನ್ನ ಅನುಭವ. ಬಹಳಷ್ಟು ಸಲ ಕೆಟ್ಟಿರುವುದು ಅದರೊಳಗಿನ ಬರಹ, ಇಲ್ಲವೇ ನಮಗೂ ಅದಕ್ಕೂ ನಡುವಿನ ಸಂಪರ್ಕ. ಎರಡಕ್ಕೂ ಚಿಪ್ಪು ಬದಲಿಸಬೇಕಾಗಿಲ್ಲ. ತಂತಿ ಹೇಳಿದ್ದನ್ನು ಸಾಕ್ಷಿಯಿಲ್ಲದೆ ನಂಬದ ಮೇಲಿನ ಬೆಂಚು, ಕೆಳಗಿನ ಕೌಂಟರಿಗೆ ಬಂದವರು ಮಾತ್ರ ಸಾಕ್ಷಿ ಕೇಳದೆ ನಂಬಲಿ ಎಂದು ಬಯಸುತ್ತಿತ್ತು. ಉಸ್ತಾದರಿಗೆ ಈ ವ್ಯತ್ಯಾಸ ಕಾಣಲಿಲ್ಲವೋ, ಕಂಡೂ ಸುಮ್ಮನಿದ್ದರೋ. ಹೊಟ್ಟೆಪಾಡು ದೊಡ್ಡದು, ಅಂಗಡಿ ಅವರದಲ್ಲ ಎಂಬುದೂ ನಿಜ. ಆದರೂ ಆ ಬಿಲ್ಲು ಕಟ್ಟಿದವರಲ್ಲಿ ಸಾಲ ಮಾಡಿ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡಿಸಿದವರಿದ್ದರು. ಅವರ ಮುಖ ನನಗೆ ನೆನಪಿದೆ.

ವಿದ್ಯೆ ಮುಚ್ಚಿಡುವುದೂ ಆ ರಸ್ತೆಯ ರೂಢಿಯೇ ಆಗಿತ್ತು. ಪಕ್ಕದ ಅಂಗಡಿಯವರು ಬಂದರೆ ಪರದೆ ಆ ಕಡೆ ತಿರುಗುತ್ತಿತ್ತು. ಏಳನೇ ಕಾಲಿನ ಗುಟ್ಟು, 2.7 ವೋಲ್ಟಿನ ಗುಟ್ಟು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಗುಟ್ಟು ಎಂದು ನಾವು ಕಾಯ್ದದ್ದೆಲ್ಲ ತಯಾರಕರ ಡೇಟಾಶೀಟಿನಲ್ಲಿ ಅಚ್ಚಾಗಿತ್ತು. ಕಾಲುಗಳ ಹೆಸರು, ವೋಲ್ಟೇಜಿನ ಮಿತಿ, ಗುರುತಿನ ಬೈಟುಗಳು, ಎಲ್ಲ ಇದ್ದವು. ಓದುವುದಕ್ಕೆ ಇಂಗ್ಲಿಷ್ ಬೇಕಿತ್ತು, ಓದಬಹುದು ಎಂಬ ಧೈರ್ಯ ಅದಕ್ಕಿಂತ ಹೆಚ್ಚಾಗಿ ಬೇಕಿತ್ತು. ಉಸ್ತಾದರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಡೇಟಾಶೀಟಿನಲ್ಲಿ ಇರುವುದನ್ನೆಲ್ಲ ಅವರು ಕೈಯಿಂದ, ಕೆಟ್ಟ ಬೋರ್ಡುಗಳಿಂದ, ವರ್ಷಗಟ್ಟಲೆ ಕೂತು ಕಂಡುಕೊಂಡಿದ್ದರು. ಅಂಥ ದುಡಿಮೆಯಿಂದ ಬಂದದ್ದನ್ನು ಸುಲಭವಾಗಿ ಬಿಟ್ಟುಕೊಡಲು ಮನಸ್ಸು ಬಾರದಿದ್ದರೆ ಅದು ನನಗೆ ಅರ್ಥವಾಗುತ್ತದೆ. ಅದರಿಂದ ನಷ್ಟವಾಯಿತು ಎಂಬುದನ್ನೂ ಹೇಳಲೇಬೇಕು. ಅವರ ಪಕ್ಕ ಕೂತ ಎಷ್ಟೋ ಹುಡುಗರು ಚಿಪ್ಪು ಬದಲಿಸುವುದನ್ನಷ್ಟೇ ಕಲಿತು ಹೋದರು.

ಈಚೆಗೆ ಒಮ್ಮೆ ಚಿಕ್ಕಪೇಟೆ ಮೆಟ್ರೋ ನಿಲ್ದಾಣದಲ್ಲಿ ಇಳಿದು ಆ ರಸ್ತೆಗೆ ಹೋಗಿದ್ದೆ. ಆ ನಿಲ್ದಾಣ 2017ರಲ್ಲಿ ತೆರೆದದ್ದು. ನಮ್ಮ ಕಾಲದಲ್ಲಿ ಮಳೆ ಬಂದರೆ ಟೌನ್‌ಹಾಲ್ ಕಡೆಯಿಂದ ಪ್ಯಾಂಟು ಮಡಚಿಕೊಂಡೇ ಬರಬೇಕಿತ್ತು. ಅಂಗಡಿಯಿದ್ದ ಕಡೆ ಈಗ ಸಿಸಿಟಿವಿ ಕ್ಯಾಮೆರಾಗಳ ಮಾರಾಟ. ಮಾಲೀಕರು ಬೇರೆ. ಉಸ್ತಾದರ ಬಗ್ಗೆ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕೆಲಸವೂ ಬದಲಾಗಿದೆ. ಈಗ ಅನೇಕ ಲ್ಯಾಪ್‌ಟಾಪುಗಳಲ್ಲಿ ಚಿಪ್ಪಿಗೆ ಹೊರಚಾಚಿದ ಕಾಲುಗಳೇ ಇಲ್ಲ, ಹೊಟ್ಟೆಯ ಕೆಳಗೆ ಅಂಟಿದ ತಗಡುಗಳಷ್ಟೇ. ಕ್ಲಿಪ್ಪು ಕಚ್ಚಲು ಏನೂ ಸಿಗುವುದಿಲ್ಲ, ಸ್ಪ್ರಿಂಗಿನ ಮೊನೆಗಳಿರುವ ಪ್ರೋಬ್ ಹಿಡಿದು ಒತ್ತಬೇಕು. 1.8 ವೋಲ್ಟಿನ ಚಿಪ್ಪುಗಳು ಸಾಮಾನ್ಯವಾಗಿವೆ, ಅವುಗಳಿಗೆ ನಡುವೆ ಅಡಾಪ್ಟರ್ ಬೇಕು. ಮಾರುಕಟ್ಟೆಯಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ ಕಪ್ಪು ಸಿಎಚ್341ಎ ಪ್ರೋಗ್ರಾಮರಿನಲ್ಲಿ ಒಂದು ದೋಷವಿದೆ: ವಿದ್ಯುತ್ತಿನ ಕಾಲಿಗೆ 3.3 ಕೊಟ್ಟರೂ ಸಂಕೇತದ ಗೆರೆಗಳನ್ನು 5 ವೋಲ್ಟಿಗೆ ಎತ್ತುತ್ತದೆ. ಅದನ್ನು ತಿದ್ದದೆ ಬಳಸಬಾರದು. 2013ರ ನಂತರದ ಇಂಟೆಲ್ ಪೀಳಿಗೆಗಳಲ್ಲಿ ಬೂಟ್‌ಗಾರ್ಡ್ ಎಂಬ ಕಾವಲು ಬಂದಿದೆ. ಅದನ್ನು ಚಾಲೂ ಮಾಡಿದ ಯಂತ್ರದಲ್ಲಿ ತಯಾರಕರ ಸಹಿಯಿಲ್ಲದ ಬಯೋಸ್ ಏಳುವುದಿಲ್ಲ. ಕಳ್ಳ ಬರಹದಿಂದ ರಕ್ಷಣೆ ಎಂಬುದು ಸರಿಯೇ. ಆದರೆ ಕೊಂಡ ಯಂತ್ರದ ಮೊದಲ ಮಾತು ಏನಿರಬೇಕೆಂದು ತೀರ್ಮಾನಿಸುವ ಹಕ್ಕು ಕೊಂಡವರ ಕೈಯಿಂದ ಜಾರಿದ್ದೂ ಅಷ್ಟೇ ನಿಜ.

ಇನ್ನೊಂದು ಕಡೆ ಬಾಗಿಲು ತೆರೆದಿದೆ. 1999ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಲಿನಕ್ಸ್‌ಬಯೋಸ್ ಎಂದು ಶುರುವಾದ ಕೆಲಸ 2008ರಲ್ಲಿ ಕೋರ್‌ಬೂಟ್ ಎಂಬ ಹೆಸರು ಪಡೆಯಿತು. ಅದೇ ಬಳಗದಿಂದ ಬಂದ ಫ್ಲ್ಯಾಶ್‌ರಾಮ್ ಎಂಬ ಸಾಫ್ಟ್‌ವೇರ್ ಉಚಿತ. ಬರೆದ ಮೇಲೆ ಅದು ತಾನೇ ಮತ್ತೆ ಓದಿ ಹೋಲಿಸುತ್ತದೆ. ರಾಸ್ಪ್‌ಬೆರಿ ಪೈ ಮೂಲಕ ಓದುವವರು ವೇಗವನ್ನು 512 ಕಿಲೋಹರ್ಟ್ಸ್‌ಗೆ ಇಳಿಸಿ, ಉದ್ದ ತಂತಿಯ ತೊಂದರೆ ನೀಗಿಸಿಕೊಳ್ಳಬಹುದು. ಉಸ್ತಾದ್ ಮೌನದಲ್ಲಿ ಮಾಡುತ್ತಿದ್ದದ್ದು ಈಗ ಯಾರು ಬೇಕಾದರೂ ಓದಬಹುದಾದ ಸೂಚನೆಗಳಲ್ಲಿದೆ.

ಸೂಚನೆಯಲ್ಲಿ ಬಾರದೆ ಉಳಿದದ್ದು ಅವರ ತಾಳ್ಮೆ. ಅಕ್ಕನ ಮಗನ ತೊಂದರೆ ಕೊನೆಗೆ ಸರಿಹೋದದ್ದೂ ಅದರಿಂದಲೇ. ಮೊದಲು ಅವನು ಬ್ಯಾಟರಿ ತೆಗೆದಿರಲಿಲ್ಲ. ತೆಗೆದ ಮೇಲೂ ಓದು ಸ್ಥಿರವಾಗಲಿಲ್ಲ. ವೀಡಿಯೋ ಕರೆಯಲ್ಲಿ ಎಂಟೂ ಕಾಲಿಗೆ ಬೀಪ್ ಕೇಳಿಸು ಎಂದೆ. ಎರಡನೇ ಕಾಲಿನಲ್ಲಿ ದನಿ ತಡವರಿಸಿತು. ಎರಡು ಚಿಪ್ಪುಗಳ ನಡುವೆ ಜಾಗ ಇಕ್ಕಟ್ಟು, ಪಕ್ಕದ ಚಿಪ್ಪಿಗೆ ತಗುಲಿ ಕ್ಲಿಪ್ಪು ಒಂದು ಕೂದಲೆಳೆಯಷ್ಟು ಓರೆಯಾಗಿ ಕೂತಿತ್ತು. ನಿಧಾನವಾಗಿ ತೆಗೆದು, ಉಜ್ಜಿ, ನೇರವಾಗಿ ಕೂರಿಸಿದ. ಆಮೇಲೆ ಬಂದ ಫೈಲುಗಳ ಚೆಕ್‌ಸಮ್ ಒಂದೇ. 8 ಎಂಬಿಯ ಫೈಲಿನ ಎರಡನೇ ಸಾಲು ತೋರಿಸು ಎಂದೆ. '5ಎ ಎ5 ಎಫ್0 0ಎಫ್' ಇತ್ತು. "ಈಗ ಬರೀಲಾ ಚಿಕ್ಕಮ್ಮಾ?" ಅಂದ. "ಮೊದ್ಲು ಈ ಫೈಲನ್ನ ಇನ್ನೆರಡು ಕಡೆ ಉಳಿಸು, ಆಮೇಲೆ ಬರಿ" ಅಂದೆ. ಅಳಿಸುವಾಗ ಚಿಪ್ಪಿನ ಪ್ರತಿ ಬಿಟ್ಟೂ 1 ಆಗುತ್ತದೆ, ಬರೆಯುವಾಗ ಬೇಕಾದವು 0 ಆಗುತ್ತವೆ. ಅಳಿಸಿದ ಮೇಲೆ ಹಳೆಯದರ ಕುರುಹೂ ಉಳಿಯುವುದಿಲ್ಲ. ಅದಕ್ಕೇ ಓದಿಗೆ ಕೊಟ್ಟ ಸಮಯ ಎಂದೂ ಹೆಚ್ಚಾಗುವುದಿಲ್ಲ.

ಈಗ ನನ್ನದೇ ಸಣ್ಣ ರಿಪೇರಿ ಕೋಣೆ ಇದೆ. ಅಲ್ಲಿ ಎರಡು ನಿಯಮ. ಚಿಪ್ಪು ಹೋಗಿದೆ ಎಂದು ಹೇಳಬೇಕಾದರೆ, ಬೋರ್ಡಿನಿಂದ ಬಿಡಿಸಿ ಸಾಕೆಟಿನಲ್ಲಿಟ್ಟು ಓದಿದರೂ ಅದು ಉತ್ತರಿಸದ್ದನ್ನು ಯಂತ್ರದ ಒಡೆಯರ ಕಣ್ಣಿಗೆ ತೋರಿಸಬೇಕು. ಇನ್ನೊಂದು, ಬರೆಯುವ ಮೊದಲು ಓದಿದ ಫೈಲನ್ನು ಲ್ಯಾಪ್‌ಟಾಪಿನ ಜೊತೆಗೆ ಅವರ ಕೈಗೇ ಕೊಡಬೇಕು. ಅದು ಅವರ ಯಂತ್ರದ್ದು, ಅಂಗಡಿಯ ಪೆನ್‌ಡ್ರೈವಿನ ಆಸ್ತಿಯಲ್ಲ. ನನ್ನ ಹತ್ತಿರ ಕೆಲಸ ಕಲಿಯಲು ಬಂದ ಇಬ್ಬರು ಹುಡುಗಿಯರಿಗೆ ಏಳನೇ ಕಾಲಿನ ವಿಷಯ ಮೊದಲ ವಾರವೇ ಹೇಳಿದೆ, ಅವರ ಸಂಬಳ ಬೆಂಚಿನ ಸಂಬಳ. ಕೈಕೆಲಸದಲ್ಲಿ ನಾನು ಇವತ್ತಿಗೂ ಉಸ್ತಾದರ ಶಿಷ್ಯೆ. ಅವರು ತಂತಿಯಿಂದ ಕೇಳುತ್ತಿದ್ದ ಸಾಕ್ಷಿಯನ್ನು ಗಿರಾಕಿಗಳು ನಮ್ಮಿಂದ ಕೇಳುವಂತಾಗಬೇಕು, ಕೇಳದಿದ್ದರೂ ನಾವಾಗಿಯೇ ಕೊಡಬೇಕು.